ವಸಾಯಿಯ ಸಂತ ಗೊನ್ಸಾಲೊ ಗಾರ್ಸಿಯಾ

ಕ್ಯಾಥೋಲಿಕ ಕ್ರೈಸ್ತರ ಪಂಚಾಂಗದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ದಿನಕ್ಕೂ ಒಬ್ಬ ಸಂತರ ಹೆಸರು ಅಂಟಿಕೊಂಡಿರುತ್ತದೆ. ಅಂದಿನ ಬಲಿಪೂಜೆಗೆ ಗೊತ್ತುಪಡಿಸಿದ ಬೈಬಲಿನ ವಾಚನ, ಒಂದು ಕೀರ್ತನೆ, ಶುಭಸಂದೇಶದ ಒಂದು ಭಾಗ, ಅದರ ಜೊತೆಗೆ ಆ ದಿನದ ಸಂತರ ಸ್ಮರಣೆ. ಶ್ರದ್ಧಾವಂತ ಮನೆಗಳಲ್ಲಿ ಸಂಜೆಯ ಜಪಮಾಲೆಯ ಬಳಿಕ ಮನೆಯ ಹಿರಿಯರು ಆ ಸಂತರ ಜೀವನವನ್ನು ನಾಲ್ಕು ಮಾತುಗಳಲ್ಲಿ ಓದಿ ಹೇಳುವುದುಂಟು. ಮಂಗಳೂರು, ಉಡುಪಿಗಳಿಂದ ಬಂದು ಠಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕ್ರೈಸ್ತ ಬಂಧುಗಳಿಗೆ ಇದು ಹೊಸ ವಿಷಯವೇನಲ್ಲ. ಈ ಪಂಚಾಂಗದಲ್ಲಿ ಫೆಬ್ರವರಿ 6ರ ಪುಟವನ್ನು ತೆರೆದರೆ ಜಗತ್ತಿನ ಬಹುತೇಕ ಕಡೆ ಕಾಣುವುದು ಜಪಾನಿನ ಸಂತ ಪಾಲ್ ಮಿಕಿ ಮತ್ತು ಸಂಗಡಿಗರು ಎಂಬ ಹೆಸರು. ಆ ಸಂಗಡಿಗರು ಇಪ್ಪತ್ತೈದು ಮಂದಿ. ಅವರಲ್ಲೊಬ್ಬರು ನಮ್ಮ ನೆರೆಯ ವಸಾಯಿಯಲ್ಲಿ ಹುಟ್ಟಿದವರು. ಭಾರತದ ನೆಲದಲ್ಲಿ ಜನಿಸಿ ಸಂತ ಪದವಿಗೇರಿದ ಮೊದಲಿಗರು. ಅವರೇ ಗೊನ್ಸಾಲೊ ಗಾರ್ಸಿಯಾ.

ವಸಾಯಿ ನಮಗೆ ದೂರದ ಊರಲ್ಲ. ಕಲ್ಯಾಣ, ಡೊಂಬಿವಿಲಿಗಳ ಮಗ್ಗುಲಲ್ಲಿ ಹರಿದುಬರುವ ಉಲ್ಲಾಸ ನದಿ ಠಾಣೆಯ ಉತ್ತರಕ್ಕೆ ಅಗಲವಾಗುತ್ತ ಹೋಗಿ ವಸಾಯಿ ಖಾಡಿಯಾಗಿ ಸಮುದ್ರವನ್ನು ಸೇರುತ್ತದೆ. ಆ ಸಂಗಮದ ಬದಿಯಲ್ಲೇ ವಸಾಯಿಯ ಕೋಟೆಯಿದೆ. 2014ರ ಆಗಸ್ಟ್‌ನಲ್ಲಿ ಪಾಲಘರ ಜಿಲ್ಲೆ ರಚನೆಯಾಗುವವರೆಗೆ ವಸಾಯಿ ಠಾಣೆ ಜಿಲ್ಲೆಯದೇ ತಾಲೂಕಾಗಿತ್ತು. ಗುಜರಾತಿನ ಸುಲ್ತಾನ ಬಹಾದುರ್ ಶಾ 1534ರಲ್ಲಿ ಈ ಸೀಮೆಯನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟ ಮೇಲೆ ಅದು ಉತ್ತರ ಕೊಂಕಣದಲ್ಲಿ ಅವರ ರಾಜಧಾನಿಯಂತಾಯಿತು. ಕೋಟೆಯೊಳಗೆ ಯೇಸುಸಭೆಯವರ ಶಾಲೆ, ಫ್ರಾನ್ಸಿಸ್ಕನ್ನರ ಮಠ, ಅನೇಕ ಇಗರ್ಜಿಗಳು, ಶ್ರೀಮಂತರ ಮಹಡಿ ಮನೆಗಳು ತಲೆಯೆತ್ತಿದವು.

ಅಂತಹ ವಸಾಯಿಯಲ್ಲಿ 1556 ಅಥವಾ 1557ರಲ್ಲಿ ಗೊನ್ಸಾಲೊ ಜನಿಸಿದರು. ತಂದೆ ಪೋರ್ತುಗೀಜ ಸಿಪಾಯಿ. ತಾಯಿ ಸ್ಥಳೀಯ ಸ್ತ್ರೀ. ಆಕೆಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಹಳೆಯ ದಾಖಲೆಗಳು ಆಕೆಯನ್ನು ಕನಾರಿಂ ಎಂದಷ್ಟೇ ಗುರುತಿಸಿವೆ. ಈ ಪದವನ್ನು ಕಂಡು ನಮ್ಮಲ್ಲಿ ಕೆಲವರು ಗೊನ್ಸಾಲೊ ಅವರ ತಾಯಿ ಕನ್ನಡತಿಯೆಂದು ಹೆಮ್ಮೆ ಪಡುವುದುಂಟು. ಅವಸರ ಸಲ್ಲದು. ಪೋರ್ತುಗೀಜರು ಕೊಂಕಣ ಕರಾವಳಿಯ ಜನರನ್ನೆಲ್ಲ ಕನಾರಿಂ ಎಂದೇ ಕರೆಯುತ್ತಿದ್ದರು. ಪಾದ್ರಿ ಥಾಮಸ್ ಸ್ಟೀಫನ್ಸ್ ಅವರು ಬರೆದ ಕೊಂಕಣಿ ವ್ಯಾಕರಣವು 1640ರಲ್ಲಿ ಅಚ್ಚಾದಾಗಲೂ ಆ ಭಾಷೆಗೆ ಕೊಟ್ಟ ಹೆಸರು ಕನಾರಿಂ ಎಂಬುದೇ. ಆದುದರಿಂದ ಆ ತಾಯಿ ಈ ಉತ್ತರ ಕೊಂಕಣದ ಮಣ್ಣಿನವಳು ಎನ್ನುವುದೇ ನ್ಯಾಯ. ಅವರನ್ನು ನಮ್ಮವರೆನ್ನಲು ಬೇರೆ ಕಾರಣಗಳು ಸಾಕಷ್ಟಿವೆ.

ಬಾಲಕ ಗೊನ್ಸಾಲೊ ಕೋಟೆಯೊಳಗಿನ ಯೇಸುಸಭೆಯ ಶಾಲೆಗೆ ಸೇರಿದರು. ಅಲ್ಲಿ ಪಾದ್ರಿ ಸೆಬಾಸ್ಟಿಯಾವೊ ಗೊನ್ಸಾಲ್ವಿಸ್ ಅವರ ಪೋಷಣೆಯಲ್ಲಿ ಸುಮಾರು ಎಂಟು ವರ್ಷ ಕಲಿತರು. ಅಂದಿನ ಇಂತಹ ಶಾಲೆಗಳ ದಿನಚರಿ ಗಂಟೆಯ ನಾದಕ್ಕೆ ಕಟ್ಟುಬಿದ್ದಿತ್ತು. ಬೆಳಗಿನ ಬಲಿಪೂಜೆ, ಧರ್ಮೋಪದೇಶದ ಪಾಠ, ಓದು, ಬರಹ, ಹಾಡುಗಾರಿಕೆ, ಸಂಜೆಯ ಪ್ರಾರ್ಥನೆ. ಮಠಗಳಲ್ಲಿ ಊಟದ ಹೊತ್ತಿಗೆ ಎಲ್ಲರೂ ಮೌನವಾಗಿರಲು, ಒಬ್ಬರು ಎದ್ದು ನಿಂತು ಸಂತರ ಚರಿತ್ರೆಯನ್ನು ಓದುವುದು ಬಹು ಹಳೆಯ ಪದ್ಧತಿ. ಕೇಳಿದ್ದನ್ನೇ ವರ್ಷ ವರ್ಷವೂ ಕೇಳುತ್ತ ಬೆಳೆದ ಮಗುವಿಗೆ ಸಂತರು ಪುಸ್ತಕದ ವ್ಯಕ್ತಿಗಳಾಗಿ ಉಳಿಯುವುದಿಲ್ಲ, ಮನೆಯ ಹಿರಿಯರಂತಾಗುತ್ತಾರೆ. ಭಜನೆ, ಹರಿಕಥೆಗಳನ್ನು ಕೇಳುತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1572ರಲ್ಲಿ, ಹದಿನೈದರ ಹರೆಯದಲ್ಲಿ, ಯೇಸುಸಭೆಯ ಪಾದ್ರಿಗಳೊಂದಿಗೆ ಅವರು ಜಪಾನಿಗೆ ಹಡಗು ಹತ್ತಿದರು. ಅವರಿಗೆ ಭಾಷೆಯ ಪ್ರತಿಭೆ ಸಹಜವಾಗಿ ಒಲಿದಿತ್ತು. ಪ್ರಯಾಣದಲ್ಲೇ ಜಪಾನಿ ಭಾಷೆಯನ್ನು ಕಲಿಯತೊಡಗಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಜಪಾನಿನಲ್ಲಿ ಅವರು ಸುಮಾರು ಎಂಟು ವರ್ಷ ಧರ್ಮೋಪದೇಶಕರಾಗಿ ದುಡಿದರು. ಹೊಸ ಭಕ್ತರಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುವುದು, ಶುಭಸಂದೇಶದ ಕಥೆಗಳನ್ನು ಅವರ ಮಾತಿನಲ್ಲಿ ಹೇಳುವುದು, ಪಾದ್ರಿಗಳ ಉಪದೇಶವನ್ನು ತರ್ಜುಮೆ ಮಾಡುವುದು ಧರ್ಮೋಪದೇಶಕರ ಕೆಲಸ. ಯೂರೋಪಿನಿಂದ ಬಂದ ಎಷ್ಟೋ ಪಾದ್ರಿಗಳು ಜಪಾನಿ ಭಾಷೆಯಲ್ಲಿ ತಡವರಿಸುತ್ತಿದ್ದಾಗ ಈ ವಸಾಯಿಯ ಯುವಕನ ನಾಲಗೆಯೇ ಮಂಡಲಿಗೆ ದೊಡ್ಡ ಆಸರೆಯಾಯಿತು.

ಅವರ ಮನದಾಸೆ ಒಂದೇ ಆಗಿತ್ತು. ತಮ್ಮನ್ನು ಬೆಳೆಸಿದ ಯೇಸುಸಭೆಗೆ ತಾವೂ ವ್ರತಸ್ಥರಾಗಿ ಸೇರಬೇಕು. ಅದು ಕೈಗೂಡಲಿಲ್ಲ. ಭಾರತದಲ್ಲಿ ಹುಟ್ಟಿದವರನ್ನು, ಅದರಲ್ಲೂ ಮಿಶ್ರ ವಂಶದವರನ್ನು ಸೇರಿಸಿಕೊಳ್ಳಲು ಆ ಕಾಲದ ಧಾರ್ಮಿಕ ಸಂಘಗಳು ಹಿಂಜರಿಯುತ್ತಿದ್ದವು. ವರ್ಷಗಟ್ಟಲೆ ಕಾದು, ಕಡೆಗೆ ನೊಂದು, ಗೊನ್ಸಾಲೊ ಅಲ್ಲಿಂದ ಹೊರಬಂದರು. ದುಡಿಮೆಗೆ ಬೇಕಾದವನು ಬಳಗಕ್ಕೆ ಬೇಡವಾದ ಈ ಪ್ರಸಂಗವನ್ನು ಹಳೆಯ ಭಕ್ತಿಪುಸ್ತಕಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಆದರೆ ಅವರ ಬದುಕಿನ ತಿರುವು ಇರುವುದು ಇಲ್ಲಿಯೇ. ಹುತಾತ್ಮರಾದದ್ದು ಒಂದು ದಿನದ ಮಾತು, ಈ ನಿರಾಕರಣೆಯನ್ನು ಹೊತ್ತು ನಡೆದದ್ದು ಅನೇಕ ವರ್ಷ.

ಮುಂದೆ ಅವರು ವ್ಯಾಪಾರಿಯಾದರು. ಮಕಾವ್, ಮನಿಲಾ ಮೊದಲಾದ ರೇವುಗಳ ನಡುವೆ ಓಡಾಡಿ, ಪೂರ್ವ ಸಮುದ್ರದ ಭಾಷೆಗಳನ್ನು ಬಲ್ಲವರಾಗಿ, ಹಣವನ್ನೂ ಹೆಸರನ್ನೂ ಗಳಿಸಿದರು. ಮನಿಲಾದಲ್ಲಿ ಬರಿಗಾಲ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪರಿಚಯವಾಯಿತು. ಬಡವರ ಮತ್ತು ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದ್ದ ಆ ಸರಳ ಜನರು ಅವರ ಮನಸ್ಸನ್ನು ಗೆದ್ದರು. ಗೊನ್ಸಾಲೊ ವ್ಯಾಪಾರವನ್ನು ತೊರೆದು, ಗುರುಪಟ್ಟವಿಲ್ಲದ ಸಾಮಾನ್ಯ ಸಹೋದರನಾಗಿ ಅವರ ಮಠವನ್ನು ಪ್ರವೇಶಿಸಿದರು. ಅಲ್ಲಿ ಅವರ ಹುಟ್ಟನ್ನು ಯಾರೂ ತಡೆಯಾಗಿ ಎಣಿಸಲಿಲ್ಲ.

1593ರಲ್ಲಿ ಫಿಲಿಪೈನ್ಸಿನ ಸ್ಪೇನ್ ಗವರ್ನರು ಜಪಾನಿನ ಸರ್ವಾಧಿಕಾರಿ ತೊಯೊತೊಮಿ ಹಿದೆಯೊಶಿಯ ಬಳಿಗೆ ರಾಯಭಾರವನ್ನು ಕಳುಹಿಸಿದರು. ಹಿದೆಯೊಶಿ ಮನಿಲಾದಿಂದ ಕಪ್ಪಕಾಣಿಕೆಯನ್ನು ಕೇಳಿದ್ದ. ಯುದ್ಧ ಬಾರದಂತೆ ನೋಡಿಕೊಳ್ಳಬೇಕಾಗಿತ್ತು. ರಾಯಭಾರದ ಮುಖ್ಯಸ್ಥರು ಪಾದ್ರಿ ಪೀಟರ್ ಬ್ಯಾಪ್ಟಿಸ್ಟ್, ದುಭಾಷಿ ಗೊನ್ಸಾಲೊ ಗಾರ್ಸಿಯಾ. ಹೀಗೆ ಹತ್ತಾರು ವರ್ಷಗಳ ಬಳಿಕ ಅವರು ಅದೇ ನಾಡಿಗೆ, ಬೇರೊಂದು ಸಂಘದ ಒರಟು ನಿಲುವಂಗಿಯನ್ನು ತೊಟ್ಟು ಮರಳಿದರು. ಇದು ಸಲೀಸಾದ ಸನ್ನಿವೇಶವಾಗಿರಲಿಲ್ಲ. 1585ರ ಪೋಪರ ಆಜ್ಞೆಯಂತೆ ಜಪಾನು ಯೇಸುಸಭೆಯವರ ಕ್ಷೇತ್ರವೆನಿಸಿತ್ತು. 1587ರಲ್ಲಿ ಹಿದೆಯೊಶಿ ಪಾದ್ರಿಗಳೆಲ್ಲ ದೇಶ ಬಿಡಬೇಕೆಂದು ಆಜ್ಞಾಪಿಸಿದ್ದರಿಂದ ಅಲ್ಲಿ ಉಳಿದವರು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದರು.

ದುಭಾಷಿಯ ಹೊಣೆ ಎಷ್ಟೆಂಬುದನ್ನು ಎರಡು ಮೂರು ಭಾಷೆಗಳ ನಡುವೆ ಬಾಳುವ ನಾವು ಊಹಿಸಬಹುದು. ಒಂದು ಕಡೆ ಕೋಪಿಷ್ಠನಾದ ಅಧಿಪತಿ, ಇನ್ನೊಂದು ಕಡೆ ತಲೆಬಾಗದ ಸ್ಪೇನಿನ ಮರ್ಯಾದೆ. ಒಂದು ಮಾತು ಹೆಚ್ಚಾದರೂ ಕಡಿಮೆಯಾದರೂ ಅನಾಹುತ. ಆ ಸಭೆಯಿಂದ ಸನ್ಯಾಸಿಗಳು ಜೀವಂತವಾಗಿ ಹೊರಬಂದದ್ದಲ್ಲದೆ, ದೇಶದಲ್ಲಿ ನೆಲೆಸುವ ಅನುಮತಿಯನ್ನೂ ಕ್ಯೋಟೊ ನಗರದಲ್ಲಿ ನೆಲವನ್ನೂ ಪಡೆದರು. ಆ ಅನುಮತಿಯಲ್ಲಿ ಬಹಿರಂಗ ಬೋಧನೆಯೂ ಸೇರಿತ್ತೆ ಎಂಬುದು ಮುಂದೆ ಎರಡು ಸಂಘಗಳ ನಡುವೆ ದೊಡ್ಡ ವಿವಾದವಾಯಿತು. ಸನ್ಯಾಸಿಗಳಂತೂ ಸೇರಿದೆಯೆಂದೇ ನಡೆದುಕೊಂಡರು. ಕ್ಯೋಟೊದಲ್ಲಿ ಮಠ, ಇಗರ್ಜಿ, ಕುಷ್ಠರೋಗಿಗಳಿಗಾಗಿ ಆಸ್ಪತ್ರೆಗಳು ಎದ್ದವು. ಊರಿನ ಬಡವರಿಗೂ ಸನ್ಯಾಸಿಗಳಿಗೂ ನಡುವೆ ನಿತ್ಯದ ಮಾತಿನ ಸೇತುವೆಯಾದವರು ಗೊನ್ಸಾಲೊ.

1596ರ ಅಕ್ಟೋಬರದಲ್ಲಿ ಮನಿಲಾದಿಂದ ಮೆಕ್ಸಿಕೋಗೆ ಹೊರಟಿದ್ದ ಸಾನ್ ಫೆಲಿಪೆ ಎಂಬ ಸ್ಪೇನಿನ ಭಾರೀ ಹಡಗು ಬಿರುಗಾಳಿಗೆ ಸಿಕ್ಕಿ ಜಪಾನಿನ ಶಿಕೊಕು ದ್ವೀಪದ ತೀರದಲ್ಲಿ ಒಡೆಯಿತು. ಅದರ ಸರಕನ್ನು ಹಿದೆಯೊಶಿ ಮುಟ್ಟುಗೋಲು ಹಾಕಿಕೊಂಡ. ಮೊದಲು ಪಾದ್ರಿಗಳನ್ನು ಕಳುಹಿಸಿ ಆಮೇಲೆ ಸೈನ್ಯದಿಂದ ನಾಡನ್ನು ಗೆಲ್ಲುವುದು ಸ್ಪೇನಿನ ರೀತಿ ಎಂದು ಹಡಗಿನ ಚುಕ್ಕಾಣಿಗ ಜಂಬ ಕೊಚ್ಚಿದನೆಂಬ ಸುದ್ದಿ ಅವನ ಕಿವಿ ತಲುಪಿತು. ಚುಕ್ಕಾಣಿಗ ಆಡಿದ್ದೇನು, ವರದಿಯಾದದ್ದೇನು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಪರಿಣಾಮ ಮಾತ್ರ ಸ್ಪಷ್ಟ. ಡಿಸೆಂಬರಿನಲ್ಲಿ ಕ್ಯೋಟೊ, ಒಸಾಕಾಗಳಲ್ಲಿ ಸನ್ಯಾಸಿಗಳ ಮತ್ತು ಅವರ ಭಕ್ತರ ಬಂಧನವಾಯಿತು.

1597ರ ಜನವರಿಯ ಆರಂಭದಲ್ಲಿ ಕ್ಯೋಟೊದ ಬೀದಿಯಲ್ಲಿ ಇಪ್ಪತ್ತನಾಲ್ಕು ಮಂದಿಯ ಎಡಗಿವಿಯನ್ನು ಕತ್ತರಿಸಿ, ಬಂಡಿಗಳಲ್ಲಿ ಮೆರವಣಿಗೆ ಮಾಡಿದರು. ಬಳಿಕ ಕೊರೆಯುವ ಚಳಿಯಲ್ಲಿ ನಾಗಸಾಕಿಯವರೆಗೆ ನೂರಾರು ಕಿಲೋಮೀಟರುಗಳ ಪಯಣ. ದಾರಿಯಲ್ಲಿ ಅವರ ಉಪಚಾರಕ್ಕೆಂದು ಜೊತೆಗೂಡಿದ ಇಬ್ಬರು ಭಕ್ತರೂ ಬಂಧಿತರಾಗಿ ಸಂಖ್ಯೆ ಇಪ್ಪತ್ತಾರಕ್ಕೇರಿತು. ಇಪ್ಪತ್ತು ಮಂದಿ ಜಪಾನೀಯರು, ನಾಲ್ವರು ಸ್ಪೇನಿನವರು, ಒಬ್ಬರು ಮೆಕ್ಸಿಕೋದವರು, ಮತ್ತು ವಸಾಯಿಯ ಗೊನ್ಸಾಲೊ. ಅವರಲ್ಲಿ ಬಡಗಿಗಳಿದ್ದರು, ಅಡಿಗೆಯವರಿದ್ದರು, ಹನ್ನೆರಡು, ಹದಿಮೂರು, ಹದಿನಾಲ್ಕು ವರ್ಷದ ಹುಡುಗರೂ ಇದ್ದರು. ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಯೂರೋಪಿನಿಂದ ತಂದ ಮುದ್ರಣಯಂತ್ರದಲ್ಲಿ ಯೇಸುಸಭೆಯವರು 1591ರಲ್ಲಿ ಜಪಾನಿನಲ್ಲಿ ಅಚ್ಚು ಹಾಕಿದ ಮೊತ್ತಮೊದಲ ಪುಸ್ತಕಗಳಲ್ಲಿ ಒಂದು ಸಂತರ ಚರಿತ್ರೆಗಳ ಸಂಗ್ರಹ, ಅದೂ ಜಪಾನಿ ಭಾಷೆಯಲ್ಲಿ. ಹಿಂದಿನ ಹುತಾತ್ಮರ ಕಥೆಗಳು ಆ ನಾಡಿನ ಭಕ್ತರ ಮಾತಿನಲ್ಲೇ ಮನೆಮನೆಯ ಓದಾಗಿ, ಕೇಳುವಿಕೆಯಾಗಿ ಹರಡಿದ್ದವು. ಆ ಪಯಣದಲ್ಲಿ ನಡೆದವರಿಗೆ ತಾವು ಯಾವ ಕಥೆಯೊಳಗೆ ಹೆಜ್ಜೆ ಇಡುತ್ತಿದ್ದೇವೆಂಬುದು ಗೊತ್ತಿತ್ತು.

1597ರ ಫೆಬ್ರವರಿ 5. ನಾಗಸಾಕಿಯ ನಿಶಿಜಾಕ ದಿಬ್ಬದ ಮೇಲೆ ಶಿಲುಬೆಗಳನ್ನು ಸಾಲಾಗಿ ಇರಿಸಲಾಗಿತ್ತು. ಗೊನ್ಸಾಲೊ ಎಲ್ಲರಿಗಿಂತ ಮೊದಲು ತಮ್ಮ ಶಿಲುಬೆಯ ಬಳಿ ಹೋಗಿ ಮೊಣಕಾಲೂರಿದರೆಂಬುದು ಪರಂಪರೆಯಿಂದ ಬಂದ ಮಾತು. ಜಪಾನಿನ ಪದ್ಧತಿಯಂತೆ ಹಗ್ಗ, ಕಬ್ಬಿಣದ ಬಳೆಗಳಿಂದ ಬಿಗಿದು, ಈಟಿಗಳಿಂದ ಎರಡೂ ಪಕ್ಕೆಗಳನ್ನು ತಿವಿದರು. ಅವರಿಗೆ ಆಗ ಸುಮಾರು ನಲವತ್ತು ವಯಸ್ಸು. ಆ ಸಾಲಿನಲ್ಲಿ ಫ್ರಾನ್ಸಿಸ್ಕನ್ನರೂ ಇದ್ದರು, ಪಾಲ್ ಮಿಕಿ ಸೇರಿದಂತೆ ಯೇಸುಸಭೆಯ ಮೂವರು ಜಪಾನೀಯರೂ ಇದ್ದರು. ಗೊನ್ಸಾಲೊ ಅವರನ್ನು ಸೇರಿಸಿಕೊಳ್ಳದ ಸಂಘದವರೂ ಸೇರಿಸಿಕೊಂಡ ಸಂಘದವರೂ ಕಡೆಗೆ ಒಂದೇ ಸಾಲಿನಲ್ಲಿ ನಿಂತರು.

1627ರಲ್ಲಿ ಪೋಪ್ 8ನೆಯ ಅರ್ಬನ್ ಅವರು ಇವರನ್ನು ಧನ್ಯರೆಂದು ಸಾರಿದರು. ವಸಾಯಿ ತನ್ನ ಮಗನನ್ನು ಸಂಭ್ರಮದಿಂದ ನೆನೆಯತೊಡಗಿತು. ಆದರೆ 1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪಾ ಅವರ ಮರಾಠಾ ಸೈನ್ಯಕ್ಕೆ ಕೋಟೆ ವಶವಾಗಿ, ಪೋರ್ತುಗೀಜರು ಊರು ಬಿಟ್ಟರು. ಕೋಟೆಯೊಳಗಿನ ಇಗರ್ಜಿಗಳು ಪಾಳುಬಿದ್ದವು. ಸುತ್ತಲಿನ ಹಳ್ಳಿಗಳ ಕ್ರೈಸ್ತ ರೈತರು, ಬೆಸ್ತರು ಎಲ್ಲಿಗೂ ಹೋಗಲಿಲ್ಲ. ಅವರ ನಿತ್ಯದ ಪ್ರಾರ್ಥನೆ ಮುಂದುವರಿಯಿತು, ಆದರೆ ಗೊನ್ಸಾಲೊ ಅವರ ಹೆಸರು ಬಹುಮಟ್ಟಿಗೆ ಮಸುಕಾಯಿತು. 1862ರ ಜೂನ್ 8ರಂದು ಪೋಪ್ 9ನೆಯ ಪಯಸ್ ಅವರು ಇಪ್ಪತ್ತಾರೂ ಮಂದಿಯನ್ನು ಸಂತರೆಂದು ಘೋಷಿಸಿದಾಗ ಆ ಹೆಸರು ಮತ್ತೆ ಬೆಳಕಿಗೆ ಬಂತು. 2008ರಲ್ಲಿ ಸಂತ ಅಲ್ಫೋನ್ಸಾ ಅವರ ಘೋಷಣೆಯಾದಾಗ ಕೆಲವರು ಭಾರತದ ಮೊದಲ ಸಂತರೆಂದು ಬರೆದದ್ದುಂಟು. ಅವರು ಭಾರತದ ಮೊದಲ ಮಹಿಳಾ ಸಂತರು. ಗೊನ್ಸಾಲೊ ಅವರಿಗಿಂತ 146 ವರ್ಷ ಮೊದಲೇ ಆ ಪಂಕ್ತಿಯಲ್ಲಿದ್ದರು.

ಅತ್ತ ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ ಎರಡು ಶತಮಾನಗಳಿಗೂ ಮಿಕ್ಕಿ ನಿಷೇಧವಿತ್ತು. ನಾಗಸಾಕಿಯ ಔರಾದಲ್ಲಿ ಈ ಇಪ್ಪತ್ತಾರು ಹುತಾತ್ಮರ ಹೆಸರಿನಲ್ಲಿ ವಿದೇಶಿಯರಿಗಾಗಿ ಇಗರ್ಜಿಯೊಂದು ಕಟ್ಟಲ್ಪಟ್ಟಿತು. 1865ರ ಮಾರ್ಚ್ 17ರಂದು ಉರಾಕಾಮಿ ಹಳ್ಳಿಯ ಕೆಲವರು ಅಲ್ಲಿಗೆ ಬಂದು ತಾವೂ ಅದೇ ನಂಬಿಕೆಯವರೆಂದು ಪಾದ್ರಿ ಪೆಟಿಜಾನ್ ಅವರಿಗೆ ಗುಟ್ಟಾಗಿ ತಿಳಿಸಿದರು. ಪಾದ್ರಿಗಳಿಲ್ಲದೆ, ಅಚ್ಚಾದ ಬೈಬಲಿಲ್ಲದೆ ಏಳು ತಲೆಮಾರು ಅವರು ಉಳಿಸಿಕೊಂಡದ್ದು ಬಾಯಿಪಾಠದ ಪ್ರಾರ್ಥನೆಗಳನ್ನು, ಹಬ್ಬ-ಉಪವಾಸಗಳ ದಿನಗಳನ್ನು ಗುರುತಿಸುವ ಒಂದು ಪಂಚಾಂಗವನ್ನು. ಧರ್ಮೋಪದೇಶಕರು ಮನೆಯಂಗಳದಲ್ಲಿ ಕೂತು ಕಲಿಸಿದ್ದು ಇಂಥದ್ದನ್ನೇ.

ನಿಶಿಜಾಕ ದಿಬ್ಬದ ಮೇಲೆ 1962ರಲ್ಲಿ ಸ್ಥಾಪಿಸಿದ ಸ್ಮಾರಕದಲ್ಲಿ ಇಪ್ಪತ್ತಾರು ಕಂಚಿನ ಮೂರ್ತಿಗಳು ಒಂದೇ ಸಾಲಿನಲ್ಲಿ ನಿಂತಿವೆ, ಗೊನ್ಸಾಲೊ ಅವರದೂ ಅಲ್ಲಿದೆ. ಅಷ್ಟು ದೂರ ಹೋಗಲಾಗದವರಿಗೆ ವಸಾಯಿಯ ಕೋಟೆ ಹತ್ತಿರವಿದೆ. ಡೊಂಬಿವಿಲಿಯ ಪಕ್ಕದ ಕೋಪರ್ ನಿಲ್ದಾಣದಿಂದ ದಿವಾ-ವಸಾಯಿ ಮಾರ್ಗದ ಗಾಡಿ ಹಿಡಿದರೆ ವಸಾಯಿ ರೋಡ್, ಅಲ್ಲಿಂದ ರಿಕ್ಷಾದಲ್ಲಿ ಕೋಟೆ. ಪಾಳು ಗೋಡೆಗಳ ನಡುವೆ ಯೇಸುಸಭೆಯವರ ಹಳೆಯ ಇಗರ್ಜಿ ದುರಸ್ತಿಗೊಂಡು ನಿಂತಿದೆ. ಸ್ಥಳೀಯರು ಅದನ್ನು ಗೊನ್ಸಾಲೊ ಗಾರ್ಸಿಯಾ ಇಗರ್ಜಿಯೆಂದೇ ಕರೆಯುತ್ತಾರೆ.