ಸ್ಯಾಕ್ಸೋಫೋನ್ ಮಾಂತ್ರಿಕ ವಾಲಗ ಕಲಿಯಲು ಬಂದಾಗ

ಕಳೆದ ತಿಂಗಳು ಸಿದ್ದಾಪುರದಲ್ಲಿ ನೆಂಟರ ಮನೆ ಮದುವೆ. ಬೆಳಗಿನ ಜಾವ ಐದಕ್ಕೇ ಬಂದು ಊದಲು ಕೂತ ವಾಲಗದವರಿಗೆ ಊಟ ಸಿಕ್ಕಿದ್ದು ಕೊನೇ ಪಂಕ್ತಿಯಲ್ಲಿ, ಮಧ್ಯಾಹ್ನ ಮೂರೂವರೆಗೆ. ನಿಮ್ಮ ಹೆಸರೇನು ಅಂತ ನಾನೂ ಕೇಳಲಿಲ್ಲ. ರಾತ್ರಿ ಮನೆಗೆ ಬಂದು ಚಾರ್ಲಿ ಮರಿಯಾನೊ ಅವರ ಹಳೇ ರೆಕಾರ್ಡಿಂಗ್ ಹಾಕಿಕೊಂಡಾಗ ನಾಚಿಕೆಯಾಯಿತು. ಅಷ್ಟು ದೊಡ್ಡ ಜಾಝ್ ಕಲಾವಿದ ಇದೇ ವಾದ್ಯ ಕಲಿಯಲು ಶಿಷ್ಯರಾಗಿ ಕೂತವರು.

ಮರಿಯಾನೊ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಇಟಲಿಯಿಂದ ವಲಸೆ ಬಂದವರ ಮಗ. ಐವತ್ತರ ದಶಕದಲ್ಲಿ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಿನಲ್ಲಿ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿದರು. ಪಿಯಾನೊ ವಾದಕಿ ತೋಶಿಕೊ ಅಕಿಯೋಶಿ ಅವರನ್ನು ಮದುವೆಯಾಗಿ, ಇಬ್ಬರೂ ಸೇರಿ ತಂಡ ಕಟ್ಟಿದರು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಹೆಸರಾಂತ ಆಲ್ಬಮ್ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ನುಡಿಸಿದರು. ಬರ್ಕ್ಲಿ ಸಂಗೀತ ಶಾಲೆಯಲ್ಲಿ ಮೇಷ್ಟರೂ ಆಗಿದ್ದರು.

ಅರವತ್ತರ ದಶಕದಲ್ಲಿ ರೇಡಿಯೊ ವಾದ್ಯವೃಂದಕ್ಕೆ ತರಬೇತಿ ಕೊಡಲು ಮಲೇಷ್ಯಾಕ್ಕೆ ಹೋದರು. ಅಲ್ಲಿ ಅವರ ಕಿವಿಗೆ ಬಿದ್ದದ್ದು ನಾಗಸ್ವರ. ಹೆಸರು ಮಾಡಿದ ಮೇಷ್ಟರು ಮತ್ತೆ ಮೊದಲ ಪಾಠಕ್ಕೆ ಕೂತರು. ಮುಂದೆ ದಕ್ಷಿಣ ಭಾರತಕ್ಕೇ ಬಂದು ಕಲಿತರು, ತಮ್ಮ ಜಾಝ್ ಆಲ್ಬಮ್‌ಗಳಲ್ಲೂ ನಾಗಸ್ವರ ಊದಿದರು.

ಬೆಂಗಳೂರಿನ ನಂಟು ಬೆಳೆದದ್ದು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೂಲಕ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ ಅದು. ಪಕ್ಕವಾದ್ಯ ಅಂತ ಬದಿಗೆ ಕೂರಿಸುತ್ತಿದ್ದ ಮೃದಂಗ, ಘಟ, ಖಂಜಿರಗಳನ್ನು ಅವರು ವೇದಿಕೆಯ ಮಧ್ಯಕ್ಕೆ ತಂದರು. 1983ರಲ್ಲಿ ಈ ತಂಡದ ಜೊತೆ ಮರಿಯಾನೊ ಜರ್ಮನಿಯ ಇಸಿಎಂ ಕಂಪನಿಗೆ 'ಜ್ಯೋತಿ' ಆಲ್ಬಮ್ ಮಾಡಿದರು. ಇಲ್ಲಿ ಅವರದು ಸ್ಯಾಕ್ಸೋಫೋನ್ ಮತ್ತು ಕೊಳಲು. ಬಹುಪಾಲು ರಚನೆಗಳು ಗಾಯಕಿ ಆರ್.ಎ. ರಮಾಮಣಿ ಅವರವು. ಅಂದರೆ ಅಮೆರಿಕದ ಗಂಡಸು ಬೆಂಗಳೂರಿನ ಹೆಣ್ಣುಮಗಳ ಸಂಗೀತಕ್ಕೆ ಜೊತೆಯಾಗಿದ್ದರು.

ಇದನ್ನು ಬರೀ ಪೂರ್ವ-ಪಶ್ಚಿಮದ ಮಿಲನ ಅಂತ ಸಂಭ್ರಮಿಸಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಮರಿಯಾನೊ ನಾಗಸ್ವರ ಎತ್ತಿಕೊಂಡಾಗ ಅದು ಅವರ ಆಯ್ಕೆಯಾಗಿತ್ತು, ಕುತೂಹಲವಾಗಿತ್ತು. ನಮ್ಮಲ್ಲಿ ಅದೇ ವಾದ್ಯವನ್ನು ಸವಿತಾ ಸಮಾಜದಂಥ ಕೆಲವು ಜಾತಿಗಳ ಕುಲಕಸುಬು ಅಂತ ಹಣೆಗೆ ಅಂಟಿಸಿಬಿಟ್ಟಿದ್ದೇವೆ. ತಾಳಿ ಕಟ್ಟುವಾಗ ಅದರ ನಾದ ಮಂಗಳಕರ, ಊದಿದವರು ಮಾತ್ರ ಕೊನೇ ಪಂಕ್ತಿ.

ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರ ದಾರಿ ಇದಕ್ಕೆ ತದ್ವಿರುದ್ಧ. ಅವರು ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾದಲ್ಲಿ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 2004ರಲ್ಲಿ ಪದ್ಮಶ್ರೀಯೂ ಬಂತು. ಅಪ್ಪನ ವಾದ್ಯವನ್ನೇ ಹಿಡಿದಿದ್ದರೆ ಇಷ್ಟು ದೊಡ್ಡ ವೇದಿಕೆಗಳು ಸಿಗುತ್ತಿದ್ದವಾ? ನನಗೆ ಅನುಮಾನ.

ಮರಿಯಾನೊ 2009ರ ಜೂನ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡರು, 85ನೇ ವಯಸ್ಸಿನಲ್ಲಿ. ಮುಂದಿನ ಮದುವೆ ನಮ್ಮ ಮನೆಯದೇ, ತಂಗಿಯದು. ವಾಲಗದವರ ಹೆಸರು ಲಗ್ನಪತ್ರಿಕೆಯಲ್ಲಿ ಹಾಕಿಸಬೇಕು, ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕು ಅಂತ ಅಪ್ಪನ ಹತ್ತಿರ ಜಗಳ ಶುರುಮಾಡಿದ್ದೀನಿ.