ಹೆಲೆನ್ ಮೆಕೇ

ಲಂಡನ್ ನಗರದ ಪೂರ್ವಭಾಗದಲ್ಲಿ ಬಡ ಕಾರ್ಮಿಕರ ಕುಟುಂಬಗಳು ಕಿಕ್ಕಿರಿದು ವಾಸಿಸುತ್ತಿದ್ದ ಕಾಲವದು. ಅಲ್ಲಿನ ಹ್ಯಾಕ್ನಿ ರಸ್ತೆಯಲ್ಲಿ ಕ್ವೀನ್ಸ್ ಮಕ್ಕಳ ಆಸ್ಪತ್ರೆ ಎಂಬ ಚಿಕಿತ್ಸಾಲಯವಿತ್ತು. ತಾಯಂದಿರು ಅಲ್ಲಿಗೆ ಎತ್ತಿ ತರುತ್ತಿದ್ದ ಹಸುಳೆಗಳಲ್ಲಿ ಅನೇಕವು ಬಿಳಿಚಿಕೊಂಡಿರುತ್ತಿದ್ದವು. ಹಾಗೆ ಬಿಳಿಚಿಕೊಂಡ ಮಕ್ಕಳು ಎಲ್ಲೆಲ್ಲೂ ಕಾಣಸಿಗುತ್ತಿದ್ದುದರಿಂದ ಅದು ಶಿಶುಗಳ ಸಹಜ ಬಣ್ಣವೆಂದೇ ಬಹುಮಂದಿ ಭಾವಿಸಿದ್ದರು. ಈ ಭಾವನೆಯನ್ನು ಅಳತೆಗೋಲಿನಿಂದ ಪರೀಕ್ಷಿಸಿದವರು ಹೆಲೆನ್ ಮೆಕೇ.

ಹೆಲೆನ್ 1891ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದಲ್ಲಿ ಜನಿಸಿದರು. ತಂದೆ ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿ; ಮಗಳ ಬಾಲ್ಯದ ಕೆಲವು ವರ್ಷಗಳು ಬರ್ಮಾ ದೇಶದಲ್ಲಿ ಕಳೆದವು. ಮುಂದೆ ಅವರು ಲಂಡನ್ನಿನ ಮಹಿಳಾ ವೈದ್ಯಕೀಯ ವಿದ್ಯಾಲಯದಲ್ಲಿ ಓದಿ 1914ರಲ್ಲಿ ವೈದ್ಯೆಯಾದರು.

ಮೊದಲನೆಯ ಮಹಾಯುದ್ಧ ಮುಗಿದಾಗ ವಿಯೆನ್ನಾ ನಗರದ ಮಕ್ಕಳು ಹಸಿವಿನಿಂದ ಕಂಗೆಟ್ಟಿದ್ದರು. ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಅಲ್ಲಿಗೆ ತೆರಳಿದ ತಂಡದಲ್ಲಿ ಹೆಲೆನ್ ಕೂಡ ಇದ್ದರು. ಮಕ್ಕಳ ಮೂಳೆಗಳನ್ನು ಬಾಗಿಸುವ ರಿಕೆಟ್ಸ್ ರೋಗವನ್ನು ಕಾಡ್ ಮೀನಿನ ಎಣ್ಣೆಯಿಂದಲೂ ಸೂರ್ಯನ ಬೆಳಕಿನಿಂದಲೂ ಗುಣಪಡಿಸಬಹುದೆಂದು ಆ ತಂಡ ತೋರಿಸಿಕೊಟ್ಟಿತು. ಎರಡು ಗುಂಪಿನ ಮಕ್ಕಳನ್ನು ಸಮನಾಗಿ ಆರೈಕೆ ಮಾಡಿ, ಒಂದೇ ಒಂದು ಅಂಶದಲ್ಲಿ ವ್ಯತ್ಯಾಸವಿಟ್ಟು ಫಲವನ್ನು ಹೋಲಿಸುವ ಕ್ರಮದಲ್ಲಿ ಅವರ ಕೈ ಪಳಗಿದುದು ಇಲ್ಲಿಯೇ.

ಲಂಡನ್ನಿಗೆ ಮರಳಿದ ಹೆಲೆನ್ ಹಸುಳೆಗಳ ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಕೆಂಪು ದ್ರವ್ಯವನ್ನು ಅಳೆಯತೊಡಗಿದರು. ಅಳುವ ಕೂಸಿನಿಂದ ರಕ್ತದ ಹನಿಯನ್ನು ಪಡೆಯುವುದು ತಾಯಿಗಾಗಲಿ ವೈದ್ಯೆಗಾಗಲಿ ಹಿತವಾದ ಕಾರ್ಯವಲ್ಲ. ಆದರೂ ವರ್ಷಗಟ್ಟಲೆ ಈ ಕೆಲಸ ನಡೆಯಿತು. ಹುಟ್ಟಿದಾಗ ಸಮೃದ್ಧವಾಗಿರುವ ಹಿಮೋಗ್ಲೋಬಿನ್ ಮೊದಲೆರಡು ತಿಂಗಳಲ್ಲಿ ಎಲ್ಲ ಶಿಶುಗಳಲ್ಲಿಯೂ ಇಳಿಯುತ್ತಿತ್ತು. ಕಬ್ಬಿಣಾಂಶ ಕೊಟ್ಟರೂ ಆ ಇಳಿತ ನಿಲ್ಲಲಿಲ್ಲ. ಅದು ಪ್ರಕೃತಿಯ ನಿಯಮ. ಅನಂತರ ತಲೆದೋರುತ್ತಿದ್ದ ಕೊರತೆ ಹಾಗಲ್ಲ. ಕಬ್ಬಿಣದ ಲವಣ ಬೆರೆಸಿದ ಹಾಲಿನ ಪುಡಿಯನ್ನು ಸೇವಿಸಿದ ಮಕ್ಕಳಲ್ಲಿ ರಕ್ತ ಮತ್ತೆ ಕೆಂಪೇರಿತು; ಬರಿಯ ಹಾಲಿನ ಪುಡಿಯಲ್ಲಿ ಬೆಳೆದ ಮಕ್ಕಳು ಬಿಳಿಚಿಕೊಂಡೇ ಉಳಿದರು. ಸಹಜವೆಂದು ತಿಳಿದದ್ದು ತಡೆಯಬಹುದಾದ ರಕ್ತಹೀನತೆಯಾಗಿತ್ತು!

ಇದರ ಕಾರಣವನ್ನು ರೈತನ ಕಣಜಕ್ಕೆ ಹೋಲಿಸಬಹುದು. ಶಿಶುವು ತಾಯಿಯ ಗರ್ಭದಲ್ಲಿರುವಾಗ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಕಬ್ಬಿಣಾಂಶವನ್ನು ಕೂಡಿಟ್ಟುಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಈ ದಾಸ್ತಾನು ಸುಮಾರು ಆರು ತಿಂಗಳಿಗೆ ಸಾಲುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನ, ತೂಕ ಕಡಿಮೆಯಿರುವ ಮಗುವಿನ, ಅವಳಿ ಮಕ್ಕಳ ಕಣಜ ಚಿಕ್ಕದು. ಅದು ಬೇಗನೆ ಬರಿದಾಗುತ್ತದೆ. ತಾಯಿಯೇ ರಕ್ತಹೀನತೆಯಿಂದ ಬಳಲುತ್ತಿದ್ದರೆ ಮಗುವಿನ ಪಾಲೂ ತಗ್ಗಬಹುದು. ಹಸುವಿನ ಹಾಲು ಎಷ್ಟೇ ಪುಷ್ಟಿಕರವೆಂದು ಹೆಸರು ಪಡೆದಿದ್ದರೂ ಈ ಕೊರತೆಯನ್ನು ತುಂಬಲಾರದು. ಅದರಲ್ಲಿರುವ ಕಬ್ಬಿಣ ಅತ್ಯಲ್ಪ, ಮೈಗೆ ಹತ್ತುವುದು ಇನ್ನೂ ಅಲ್ಪ. ಎದೆಹಾಲಿನಲ್ಲಿಯೂ ಕಬ್ಬಿಣ ಹೆಚ್ಚಿಲ್ಲವಾದರೂ ಶಿಶು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬಾಟಲಿಯ ಹಾಲು ಕುಡಿದ ಮಕ್ಕಳೇ ಹೆಚ್ಚು ಬಿಳಿಚಿಕೊಂಡುದನ್ನು ಹೆಲೆನ್ ಗುರುತಿಸಿದ್ದರು.

1931ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅವರ ವರದಿಯನ್ನು ಪ್ರಕಟಿಸಿತು. ಕಬ್ಬಿಣಾಂಶ ಪಡೆದ ಮಕ್ಕಳಿಗೆ ಶೀತ, ಭೇದಿ ಮೊದಲಾದ ಕಾಯಿಲೆಗಳೂ ಕಡಿಮೆಯಾದುವೆಂದು ಅವರು ಕಂಡುಕೊಂಡಿದ್ದರು. ಈ ಒಂದು ಮಾತನ್ನು ಮುಂದಿನ ಸಂಶೋಧನೆಗಳೆಲ್ಲವೂ ಸಮರ್ಥಿಸಲಿಲ್ಲ. ರಕ್ತಹೀನತೆಯ ಕುರಿತ ಅವರ ಮೂಲ ನಿರ್ಣಯ ಮಾತ್ರ ಅಚಲವಾಗಿ ನಿಂತಿತು.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 1518ರಲ್ಲಿ ಸ್ಥಾಪಿತವಾದ ಸಂಸ್ಥೆ. ಅದರ ಫೆಲೋ ಗೌರವಕ್ಕೆ ಒಬ್ಬ ಮಹಿಳೆ ಪಾತ್ರಳಾಗಲು ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು. 1934ರಲ್ಲಿ ಆ ಗೌರವ ಪಡೆದ ಪ್ರಥಮ ಮಹಿಳೆ ಹೆಲೆನ್ ಮೆಕೇ. ಅವರು 1965ರಲ್ಲಿ ನಿಧನರಾದರು. ಅದಾದ ನಾಲ್ಕು ವರ್ಷಗಳಿಗೆ, ಬಾಟಲಿಯ ಹಾಲನ್ನೇ ನಂಬಿರುವ ಶಿಶುಗಳಿಗೆ ಮೊದಲ ವರ್ಷವಿಡೀ ಕಬ್ಬಿಣಾಂಶ ಸೇರಿಸಿದ ಹಾಲಿನ ಪುಡಿಯನ್ನೇ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಫಾರಸು ಮಾಡಿತು.