ಕಿಟ್ಟೆಲ್ ಪಂಡಿತರು ಕಾಲವನ್ನು ಕೊಂಡುಕೊಂಡ ಬಗೆ

ಅಪೊಸ್ತಲನಾದ ಪೌಲನು ಎಫೆಸದ ಸಭೆಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಕಾಲದ ವಿಷಯವಾಗಿ ಒಂದು ಬುದ್ಧಿವಾದವುಂಟು. ಅಲ್ಲಿ ಗ್ರೀಕ್ ಮೂಲದಲ್ಲಿರುವ ಪದವು ಪೇಟೆಯ ಪದವು. ಬೆಲೆ ತೆತ್ತು ಕೊಂಡುಕೊಳ್ಳುವದು ಎಂಬುದೇ ಅದರ ಅರ್ಥವು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಪೇಟೆಗಳಲ್ಲಿ ವ್ಯಾಪಾರ ಮಾಡುವ ನಮ್ಮ ಸಭಿಕರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಕೈಯಲ್ಲಿದ್ದದ್ದನ್ನು ಬಿಡದೆ ಯಾವ ವಸ್ತುವನ್ನೂ ಮನೆಗೆ ತರಲಾಗದು. ಆದರೆ ಕಾಲದ ಮಾತು ಬಂದಾಗ ನಾವು ಈ ವ್ಯವಹಾರಜ್ಞಾನವನ್ನು ಮರೆಯುತ್ತೇವೆ. ಬಿಡುವು ದೊರಕಲಿ, ಆಮೇಲೆ ನೋಡೋಣ ಎಂದು ವರುಷಗಳನ್ನು ಕಳೆಯುತ್ತೇವೆ. ಬಿಡುವು ದೊರೆಯುವದಕ್ಕೆ ಕಾಯದೆ ಅದನ್ನು ಬೆಲೆಗೆ ಕೊಂಡ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಫೆರ್ಡಿನಾಂಡ್ ಕಿಟ್ಟೆಲರು ಜರ್ಮನಿಯ ಉತ್ತರ ಕಡಲ ತೀರದ ಓಸ್ಟ್‌ಫ್ರೀಸ್ಲಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಊರಲ್ಲಿ 1832ನೇ ಇಸವಿ ಎಪ್ರಿಲ್ 7ರಂದು ಜನಿಸಿದರು. ತಂದೆಯು ಸಭಾಪಾಲಕರು. ಅದೇ 1832ರಲ್ಲಿ ಲಂಡನ್ ಮಿಶನ್ನಿನ ರೀವ್ ಎಂಬವರ ಕನ್ನಡ-ಇಂಗ್ಲಿಷ್ ಕೋಶವು ಅಚ್ಚಾಯಿತು. ಆ ಪುಸ್ತಕವನ್ನು ಹಿಂದೆ ಹಾಕತಕ್ಕ ಕೂಸು ಅದೇ ವರುಷದಲ್ಲಿ ತೊಟ್ಟಿಲಲ್ಲಿತ್ತೆಂಬದು ನಮಗೆ ಸೋಜಿಗವಾಗಿ ತೋರುತ್ತದೆ. ಬಾಲ್ಯದಲ್ಲಿಯೇ ಅವರು ಇಬ್ರಿಯ, ಗ್ರೀಕ್, ಲತೀನ್ ಭಾಷೆಗಳನ್ನು ಕಲಿತು, 1850ರಲ್ಲಿ ಬಾಸೆಲ್ ಮಿಶನ್ ಶಾಲೆಯನ್ನು ಸೇರಿ, 1853ರಲ್ಲಿ ತಮ್ಮ 21ನೆಯ ಪ್ರಾಯದಲ್ಲಿ ಹಿಂದುಸ್ಥಾನಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆ ಮಾಡಿದರು.

ಇವರ ಮನಸ್ಸು ಬಂದ ದಿನಗಳಿಂದಲೇ ಜನರ ಭಾಷೆಯ ಮೇಲಿತ್ತು. ಜನರ ಮಾತನ್ನು ಬೇರುಸಹಿತ ಅರಿಯದವನು ಅವರ ಹೃದಯಕ್ಕೆ ಹೇಗೆ ತಾನೇ ಮಾತಾಡಿಯಾನು ಎಂಬದು ಅವರ ನಿಶ್ಚಯವಾಗಿತ್ತು. ಈ ನಿಶ್ಚಯವು ಎಲ್ಲರಿಗೂ ಹಿಡಿಸಲಿಲ್ಲ. ಸುವಾರ್ತೆ ಸಾರಬಂದವನು ಹಳೆಯ ಗ್ರಂಥಗಳೊಳಗೆ ಹೊತ್ತು ಕಳೆಯುವದು ಯುಕ್ತವೋ ಎಂಬ ಸಂಶಯವು ಜತೆಗಾರರಲ್ಲಿಯೂ ಬಾಸೆಲಿನ ಹಿರಿಯರಲ್ಲಿಯೂ ಇತ್ತು. ಮೈಗಳ್ಳನಿಗೆ ಬೈಗಳು ಬಿದ್ದರೆ ಅದರಲ್ಲೇನು ವಿಶೇಷ? ದುಡಿಯುವವನು ತನ್ನ ದುಡಿಮೆಗಾಗಿಯೇ ಆಕ್ಷೇಪಣೆಯನ್ನು ಕೇಳಿ, ಜಗಳವಾಡದೆ, ಕೆಲಸವನ್ನೂ ಬಿಡದೆ ನಡೆಯಬೇಕಾದರೆ ಎದೆಗಾರಿಕೆ ಬೇಕು. ಕಿಟ್ಟೆಲರು ಕ್ರಿಸ್ತಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ರಚಿಸಿ ಕಥಾಮಾಲೆ ಎಂಬ ಹೆಸರಿನಿಂದ 1862ರಲ್ಲಿ ಹೊರಡಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚು ಹಾಕಿಸಿದರು. ಕೇಶಿರಾಜನು ಜೈನನು. ಮೂಡಬಿದ್ರೆಯ ಬಸದಿಗಳಲ್ಲಿ ಜೈನರು ತಾಡವೋಲೆಗಳನ್ನು ಎಷ್ಟು ಜತನದಿಂದ ಕಾಪಾಡಿದರೆಂಬದನ್ನು ಬಲ್ಲ ನಮ್ಮ ಓದುಗರು, ಅನ್ಯಮತದವರ ಗ್ರಂಥಗಳಿಗೆ ಈ ಪಾದ್ರಿಯು ತೋರಿಸಿದ ಮರ್ಯಾದೆಯನ್ನು ಚೆನ್ನಾಗಿ ಗ್ರಹಿಸುವರು.

ಇನ್ನು ನಿಘಂಟಿನ ವಿಷಯ. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ದಿನಕ್ಕೆ ಹತ್ತು ಶಬ್ದಗಳಂತೆ, ಕರ್ತನ ದಿನವನ್ನೂ ಹಬ್ಬಗಳನ್ನೂ ಕಳೆದು ವರುಷಕ್ಕೆ 300 ದಿನ ದುಡಿದರೆ, ಅಷ್ಟನ್ನು ಮುಗಿಸಲಿಕ್ಕೆ 23 ವರುಷಗಳು ಸಾಲವು. ಹತ್ತು ಶಬ್ದವೆಂದರೆ ಅಲ್ಪವಲ್ಲ: ಒಂದೊಂದಕ್ಕೂ ಅರ್ಥ, ಅದು ಯಾವ ಗ್ರಂಥದಲ್ಲಿ ಬಂದಿದೆ, ಯಾವ ಸೀಮೆಯ ಜನರ ಬಾಯಲ್ಲಿದೆ, ತುಳು, ತಮಿಳು, ತೆಲುಗು, ಮಲೆಯಾಳಗಳಲ್ಲಿ ಅದರ ನೆಂಟರು ಯಾರು, ಅದರ ಮೇಲೆ ಇರುವ ಗಾದೆಗಳೇನು, ಇವೆಲ್ಲವನ್ನೂ ವಿಚಾರಿಸಿ ಕೈಯಿಂದಲೇ ಬರೆಯಬೇಕಾಗಿತ್ತು. ಇಂಥ ಕೆಲಸವು ಉಳಿದ ಹೊತ್ತಿನಲ್ಲಿ ಆಗತಕ್ಕದ್ದಲ್ಲ. ನಮ್ಮ ಕಡೆಗಳಲ್ಲಿ ಒಂಬತ್ತು ಗಂಟೆಗೆ ಕರೆದ ಕೂಟವು ಹತ್ತೂವರೆಗೆ ಪ್ರಾರಂಭವಾಗುವದು. ಬಾರೆನೆಂದು ಹೇಳಲು ಧೈರ್ಯವಿಲ್ಲದೆ ಹೋಗಿ ಕುಳಿತು, ಸಂಜೆಗೆ ಹಿಂತಿರುಗಿ, ದಿನವು ಹೇಗೆ ಹೋಯಿತೆಂದು ಬೆರಗಾಗುವೆವು. ಹೀಗೆ ಎಲ್ಲರಿಗೂ ಒಪ್ಪಿಗೆ ಕೊಡುವವನ ಕೈಯಲ್ಲಿ ನಿಘಂಟು ಹಾಗಿರಲಿ, ಮನೆಯ ಲೆಕ್ಕದ ಪುಸ್ತಕವೂ ಮುಗಿಯದು.

1877ರಲ್ಲಿ ಕಿಟ್ಟೆಲರು ಸ್ವದೇಶಕ್ಕೆ ಮರಳಿದರು. ಅವರ ಮೊದಲನೆಯ ಹೆಂಡತಿಯಾದ ಪೌಲಿನಾ ಅಮ್ಮನವರು 1864ರಲ್ಲಿಯೇ ತೀರಿಕೊಂಡಿದ್ದರು. ಆಕೆಯ ತಂಗಿಯಾದ ಯೂಲಿಯಾ ಅಮ್ಮನವರು 1867ರಿಂದ ಮನೆಯನ್ನು ನಡಿಸುತ್ತಿದ್ದರು. ತಂಪಾದ ಊರು, ಹೆಂಡತಿ, ಮಕ್ಕಳು, ಸಾಕಷ್ಟು ಸೇವೆ ಮಾಡಿದವನೆಂಬ ಮಾನ ಎಲ್ಲವೂ ಅವರಿಗೆ ಇದ್ದವು. ಇಲ್ಲದ್ದು ಒಂದೇ: ಕನ್ನಡವನ್ನಾಡುವ ಬಾಯಿ. ಸಂಶಯ ಬಂದ ಪದವನ್ನು ಅಲ್ಲಿ ಯಾರ ಹತ್ತಿರ ಕೇಳುವದು? ಅರೆಯಾದ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ 1883ರಲ್ಲಿ, 51ನೆಯ ಪ್ರಾಯದಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಈ ಒಂದು ಕೆಲಸಕ್ಕಾಗಿ ಪುನಃ ಹಡಗನ್ನು ಹತ್ತಿದರು. ತಿರಿಗಿ ಹೋದದ್ದು 1892ರಲ್ಲಿ.

ಈ ಒಂಬತ್ತು ವರುಷಗಳನ್ನು ನಾವು ಬರಿದೇ ಹೊಗಳಿ ಮುಂದಕ್ಕೆ ಹೋಗಲಾರೆವು. ಬೆಲೆಯನ್ನು ತೆತ್ತವರು ಕಿಟ್ಟೆಲರೊಬ್ಬರೇ ಅಲ್ಲ. ತಂದೆಯಿಲ್ಲದ ಮೇಜಿನ ಮುಂದೆ ಮಕ್ಕಳನ್ನು ಕುಳ್ಳಿರಿಸಿದ ತಾಯಿಯು ಅದರ ಪಾಲನ್ನು ದಿನದಿನವೂ ಸಲ್ಲಿಸಿದಳು. ಆಕೆಯ ಹೆಸರು ನಿಘಂಟಿನ ಮುಖಪುಟದಲ್ಲಿಲ್ಲ. ಗಂಡನು ಹೀಗೆ ಹೊರಟದ್ದು ಸರಿಯೋ ಎಂದು ನಮ್ಮ ಸ್ತ್ರೀಸಮಾಜಗಳಲ್ಲಿ ಕೇಳಿದರೆ ಎರಡು ಅಭಿಪ್ರಾಯಗಳು ಬಂದಾವು. ಬಂದರೆ ಒಳ್ಳೇದೇ. ಕಾಲವನ್ನು ಕೊಳ್ಳುವವನು ಯಾರ ಗಂಟಿನಿಂದ ಹಣ ತೆಗೆಯುತ್ತಿದ್ದಾನೆಂದು ನೋಡಿಕೊಳ್ಳತಕ್ಕದ್ದು. ನಮ್ಮ ಎಣಿಕೆಯಲ್ಲಿ ಕಿಟ್ಟೆಲರು ಅದನ್ನು ಅರಿಯದವರಲ್ಲ. ಅರಿತೇ ಆರಿಸಿಕೊಂಡರು, ಆರಿಸಿಕೊಂಡ ಮೇಲೆ ಒಂದು ಘಳಿಗೆಯನ್ನೂ ಪೋಲು ಮಾಡಲಿಲ್ಲ.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ 1,700ಕ್ಕೂ ಹೆಚ್ಚು ಪುಟಗಳಾಗಿ ಹೊರಬಂತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರಿಗೆ ಆಗ 20 ವರುಷ. ಮಕ್ಕಳಿಗಾಗಿ ಕನ್ನಡ ಹಾಡುಗಳನ್ನು ಕಟ್ಟಿದ ಆ ತಲೆಮಾರಿಗೆ ಈ ಗ್ರಂಥವು ಸಿದ್ಧವಾಗಿ ದೊರೆಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1899ರಲ್ಲಿ ಬೂಖರ್ ಪಾದ್ರಿಯವರು ಇದರ ಆಧಾರದ ಮೇಲೆ ಶಾಲೆಗಳಿಗಾಗಿ ಚಿಕ್ಕ ಕೋಶವನ್ನು ಮಾಡಿದರು. 1968ರಿಂದ 1971ರ ವರೆಗೆ ಮದ್ರಾಸ್ ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ದೊಡ್ಡ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಪದವಿ ಬಂದ ಮೇಲಾದರೂ ಅವರು ಕೈ ಕಟ್ಟಿ ಕುಳಿತರೋ? ಇಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಒಂದು ವ್ಯಾಕರಣವನ್ನು ಬರೆಯತೊಡಗಿದರು. ಅದು 1903ರಲ್ಲಿ ಮಂಗಳೂರಲ್ಲಿ ಅಚ್ಚಾಯಿತು. ಅದೇ ವರುಷ ದಶಂಬರ 18ರಂದು, ಕ್ರಿಸ್ತಜಯಂತಿಗೆ ಒಂದು ವಾರವಿರುವಾಗ, ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು.